ಜಗ್ಗಬೇಡಿ, ಒಳಕ್ಕೆ ಒತ್ತಿ: ನಿಂತ ಕಾರಿನ ಬಾಗಿಲು ತೆರೆಯದಿದ್ದಾಗ

ಬೆಂಗಳೂರಿನ ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಬೆನ್ನಿಗೆ ಬೆಳೆದ ಬಡಾವಣೆಗಳು. ಆಗ ಮನೆ ಕಟ್ಟಿಸಿದವರು ಜಗಲಿಗೆ, ತುಳಸಿಕಟ್ಟೆಗೆ, ಹಿತ್ತಲ ಬಾವಿಗೆ ಜಾಗ ಬಿಟ್ಟರು. ಕಾರಿಗೆ ಬಿಡುವ ಪ್ರಶ್ನೆಯೇ ಇರಲಿಲ್ಲ. ಹಾಗಾಗಿ ಇಂದಿಗೂ ಇಲ್ಲಿನ ಎಷ್ಟೋ ಕಾರುಗಳು ಕಾಂಪೌಂಡಿನ ಪಕ್ಕದ ಇಕ್ಕಟ್ಟು ಓಣಿಯಲ್ಲಿ, ಮನೆ ಮುಂದಿನ ಹೊಂಗೆ ಮರದ ಕೆಳಗೆ, ಇಲ್ಲವೇ ಹಿಂದಿನ ಕನ್ಸರ್ವೆನ್ಸಿ ಗಲ್ಲಿಯಲ್ಲಿ ನಿಲ್ಲುತ್ತವೆ. ಅವುಗಳಲ್ಲಿ ಕೆಲವು ಅಲ್ಲಾಡದೆ ವರ್ಷವಾಗಿರುತ್ತದೆ. ಮಕ್ಕಳು ಹೊರದೇಶದಲ್ಲಿದ್ದಾರೆ, ಮನೆಯ ಹಿರಿಯರು ಸ್ಟೀರಿಂಗ್ ಹಿಡಿಯುವುದನ್ನು ನಿಲ್ಲಿಸಿದ್ದಾರೆ, ಕಾರನ್ನು ಮಾರಲು ಯಾರಿಗೂ ಮನಸ್ಸಿಲ್ಲ.

ಒಂದು ದಿನ ಆ ಕಾರು ಬೇಕಾಗುತ್ತದೆ. ಮಗ ರಜೆಗೆ ಬಂದಿರುತ್ತಾನೆ, ಇಲ್ಲವೇ ಕೊಳ್ಳುವವರು ನೋಡಲು ಬಂದಿರುತ್ತಾರೆ, ಇಲ್ಲವೇ ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಬುಲ್ ಟೆಂಪಲ್ ರಸ್ತೆಯ ಆಸುಪಾಸಿನಲ್ಲಿ ಗಾಡಿ ಸರಿಸಬೇಕಾಗಿರುತ್ತದೆ. ಬಾಗಿಲು ಮಾತ್ರ ಬರುವುದಿಲ್ಲ. ಆಗ ಕೈ ತಾನಾಗಿ ಹ್ಯಾಂಡಲ್ ಹಿಡಿದು ಜಗ್ಗುತ್ತದೆ, ಮತ್ತೂ ಜೋರಾಗಿ ಜಗ್ಗುತ್ತದೆ. ನಾನು ಹೇಳಬೇಕಾದ ಮುಖ್ಯ ಮಾತು ಇದೊಂದೇ: ಜಗ್ಗಬೇಡಿ. ವರ್ಷಗಟ್ಟಲೆ ಬಿಸಿಲು ತಿಂದ ಪ್ಲಾಸ್ಟಿಕ್ ಹ್ಯಾಂಡಲ್ ಪೆಡಸಾಗಿರುತ್ತದೆ. ಅದು ಮುರಿದರೆ ಬಾಗಿಲು ಹೊರಗಿನಿಂದ ತೆರೆಯುವ ದಾರಿಯೇ ಮುಚ್ಚಿಹೋಗುತ್ತದೆ. ಅರ್ಧ ಗಂಟೆಯ ಕೆಲಸ ಎರಡು ದಿನದ ಗ್ಯಾರೇಜ್ ಕೆಲಸವಾಗುತ್ತದೆ.

ಹಿಡಿದಿರುವುದು ಯಾವುದು?

ನಿಂತ ಕಾರಿನ ಬಾಗಿಲನ್ನು ಸಾಮಾನ್ಯವಾಗಿ ಹಿಡಿದಿರುವುದು ಮೂರರಲ್ಲಿ ಒಂದು. ಕೀ ತಿರುಗದ ಲಾಕ್, ಬಾಗಿಲಂಚಿನ ಲ್ಯಾಚ್, ಅಥವಾ ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗ್. ಮೂರಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಹಾಳಾಗುತ್ತದೆ. ಆದ್ದರಿಂದ ಕೈಗೆ ಸ್ಪ್ರೇ ಡಬ್ಬಿ ತೆಗೆದುಕೊಳ್ಳುವ ಮೊದಲು ಐದು ನಿಮಿಷ ಸುಮ್ಮನೆ ಪರೀಕ್ಷಿಸಿ.

ಕೀ ಒಳಗೆ ಪೂರ್ತಿ ಹೋಗುತ್ತದೆಯೇ? ಹೋದರೆ ತಿರುಗುತ್ತದೆಯೇ? ತಿರುಗಿದಾಗ ಗಾಜಿನ ಪಕ್ಕದ ಲಾಕ್ ಗುಬುಟು ಮೇಲೇಳುತ್ತದೆಯೇ? ಗುಬುಟು ಎದ್ದರೂ ಬಾಗಿಲು ಬಾರದಿದ್ದರೆ ಲಾಕ್ ಸರಿಯಿದೆ. ತೊಂದರೆ ಲ್ಯಾಚಿನಲ್ಲಿ ಅಥವಾ ರಬ್ಬರಿನಲ್ಲಿ. ಇನ್ನು ಹ್ಯಾಂಡಲ್ ಎತ್ತಿ ನೋಡಿ. ಸ್ವಲ್ಪವೂ ಬಿಗಿಯಿಲ್ಲದೆ ಸಡಿಲವಾಗಿ ಆಡಿದರೆ ಒಳಗಿನ ಸರಳೋ ಕೇಬಲ್ಲೋ ಕಳಚಿದೆ. ಕಲ್ಲಿನಂತೆ ಬಿಗಿಯಾಗಿದ್ದರೆ ಲ್ಯಾಚ್ ಹಿಡಿದುಕೊಂಡಿದೆ. ಹ್ಯಾಂಡಲ್ ಎತ್ತಿದಾಗ ‘ಟಕ್’ ಎಂಬ ಸದ್ದು ಸರಿಯಾಗಿ ಬಂದು, ಬಾಗಿಲ ಒಂದು ಮೂಲೆ ಕೂದಲೆಳೆಯಷ್ಟು ಅಲುಗಿ ಉಳಿದ ಭಾಗ ಕದಲದಿದ್ದರೆ ಅದು ರಬ್ಬರಿನ ಅಂಟು.

ಮೊದಲು ನಾಲ್ಕೂ ಬಾಗಿಲು ಮತ್ತು ಡಿಕ್ಕಿಯನ್ನು ಪ್ರಯತ್ನಿಸಿ. ಒಂದು ಬಾಗಿಲು ಬಂದರೂ ಸಾಕು, ಒಳಗಿನಿಂದ ಉಳಿದವನ್ನು ಬಿಡಿಸುವುದು ಬಹಳ ಸುಲಭ. ಹಳೆಯ ಸಣ್ಣ ಕಾರುಗಳಲ್ಲಿ ಡಿಕ್ಕಿಗೆ ಬೇರೆಯೇ ಕೀಕಂಡಿ ಇರುತ್ತದೆ. ಡಿಕ್ಕಿ ತೆರೆದರೆ ಹಿಂದಿನ ಸೀಟು ಮಡಚಿ ತೆಳ್ಳಗಿರುವವರು ಯಾರಾದರೂ ಒಳಗೆ ಹೋಗಬಹುದು. ಅರವತ್ತು ದಾಟಿದವರು ಈ ಸಾಹಸಕ್ಕೆ ಇಳಿಯುವುದು ಬೇಡ.

ರಬ್ಬರ್ ಅಂಟಿದ್ದರೆ

ಮೂರರಲ್ಲಿ ಇದು ಅತ್ಯಂತ ಹಗುರ ತೊಂದರೆ. ಬಿಸಿಲಿಗೆ ರಬ್ಬರ್ ಮೆತ್ತಗಾಗುತ್ತದೆ, ಬಾಗಿಲಿನ ಒತ್ತಡಕ್ಕೆ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಮಳೆ, ಧೂಳು, ಮರದಿಂದ ಉದುರುವ ಹೂವು, ಹುಳುಗಳು ಸುರಿಸುವ ಸಿಹಿ ಅಂಟು ಎಲ್ಲ ಸೇರಿ ಆ ಸಂದಿಯನ್ನು ಮುಚ್ಚುತ್ತವೆ. ಬೇಸಿಗೆಯಲ್ಲಿ ಹೊಂಗೆ ಮರದಡಿ ನಿಂತ ಕಾರಿನ ಸ್ಥಿತಿ ಏನಾಗಿರುತ್ತದೆಂದು ಬಸವನಗುಡಿಯವರಿಗೆ ಹೇಳಬೇಕಿಲ್ಲ.

ಎರಡು ಅಂಗೈಗಳಿಂದ ಬಾಗಿಲನ್ನು ಒಳಕ್ಕೆ ಒತ್ತಿ, ಬಿಡಿ. ಮೇಲಿನ ಮೂಲೆಯಿಂದ ಶುರುಮಾಡಿ ಅಂಚಿನುದ್ದಕ್ಕೂ ಕೆಳಗಿನವರೆಗೆ ಹೀಗೆ ಮಾಡುತ್ತ ಬನ್ನಿ. ಒತ್ತಿದಾಗ ರಬ್ಬರ್ ಅಮುಕಿ, ಬಿಟ್ಟಾಗ ಅಂಟು ಬಿರಿಯುತ್ತದೆ. ಬಾರದಿದ್ದರೆ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಶಾಂಪೂ ಬೆರೆಸಿ ಸಂದಿಯಲ್ಲಿ ಹರಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿ. ಹಳೆಯ ಪ್ಲಾಸ್ಟಿಕ್ ಕಾರ್ಡೊಂದನ್ನು ಸಂದಿಯಲ್ಲಿ ಎಳೆದಾಡಿಸಬಹುದು. ಸ್ಕ್ರೂಡ್ರೈವರ್, ಚಾಕು, ಉಕ್ಕಿನ ಸ್ಕೇಲು ಬೇಡ. ಬಣ್ಣ ಕಿತ್ತರೆ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಸೀಮೆಎಣ್ಣೆ, ಪೆಟ್ರೋಲ್, ಗ್ರೀಸನ್ನು ಈ ರಬ್ಬರಿಗೆ ತಾಗಿಸಲೇಬೇಡಿ. ಇವು ತಗುಲಿದ ರಬ್ಬರ್ ಉಬ್ಬಿ, ಮುಂದಿನ ಸಲ ಬಾಗಿಲು ಇನ್ನೂ ಬಿಗಿಯಾಗುತ್ತದೆ. ತೆರೆದ ಮೇಲೆ ಒರೆಸಿ ಒಣಗಿಸಿ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಗ್ಲಿಸರಿನ್ ಕೂಡ ನಡೆಯುತ್ತದೆ.

ಲ್ಯಾಚ್ ಹಿಡಿದುಕೊಂಡಿದ್ದರೆ

ಜಗ್ಗಬೇಡಿ ಎಂದು ಅಷ್ಟು ಒತ್ತಿ ಹೇಳಲು ಕಾರಣ ಇಲ್ಲಿದೆ. ಬಾಗಿಲಿನ ಅಂಚಿನಲ್ಲಿ ಕವೆಗೋಲಿನ ಆಕಾರದ ಒಂದು ಉಕ್ಕಿನ ತುಂಡು ಇದೆ. ಬಾಗಿಲು ಮುಚ್ಚಿದಾಗ ಅದು ತಿರುಗಿ, ಕಾರಿನ ಕಂಬಕ್ಕೆ ಜೋಡಿಸಿದ ಕೊಂಡಿಯನ್ನು ಬಾಚಿ ಹಿಡಿಯುತ್ತದೆ. ಅದು ಮತ್ತೆ ಹಿಂದಕ್ಕೆ ತಿರುಗದಂತೆ ಒಂದು ಸಣ್ಣ ಹಲ್ಲು ಅಡ್ಡ ನಿಲ್ಲುತ್ತದೆ. ಹ್ಯಾಂಡಲ್ ಮಾಡುವ ಕೆಲಸ ಆ ಹಲ್ಲನ್ನು ಸರಿಸುವುದು ಮಾತ್ರ. ಹಲ್ಲು ಸರಿದರೆ ಸ್ಪ್ರಿಂಗ್ ಮತ್ತು ರಬ್ಬರಿನ ಒತ್ತಡವೇ ಬಾಗಿಲನ್ನು ಹೊರಕ್ಕೆ ತಳ್ಳುತ್ತದೆ.

ನೀವು ಬಾಗಿಲನ್ನು ಹೊರಕ್ಕೆ ಜಗ್ಗಿದಾಗ ಆ ಕವೆ ಹಲ್ಲಿನ ಮೇಲೆ ಇನ್ನಷ್ಟು ಭಾರ ಹಾಕುತ್ತದೆ. ಒಣಗಿದ ಗ್ರೀಸಿನಲ್ಲಿ ಮೊದಲೇ ಸಿಕ್ಕಿಬಿದ್ದ ಹಲ್ಲು ಆ ಭಾರದಡಿ ಕದಲುವುದೇ ಇಲ್ಲ. ಒಳಕ್ಕೆ ಒತ್ತಿದರೆ ಭಾರ ಇಳಿದು ಹಲ್ಲಿಗೆ ಬಿಡುವು ಸಿಗುತ್ತದೆ.

ಇದು ಇಬ್ಬರ ಕೆಲಸ. ಒಬ್ಬರು ಹ್ಯಾಂಡಲನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಹಿಡಿದಿರಬೇಕು. ಇನ್ನೊಬ್ಬರು ಹ್ಯಾಂಡಲ್ ಮಟ್ಟದಲ್ಲಿ, ಬಾಗಿಲಂಚಿನ ಹತ್ತಿರ, ಸೊಂಟ ಒತ್ತಿ ಬಾಗಿಲನ್ನು ಒಳಕ್ಕೆ ಅಮುಕಿ ಬಿಡಬೇಕು. ಗುದ್ದಬಾರದು, ತಗಡು ತಗ್ಗಾಗುತ್ತದೆ. ಅಮುಕು, ಬಿಡು, ಅಮುಕು, ಬಿಡು. ಹತ್ತಿಪ್ಪತ್ತು ಸಲ ತಾಳ್ಮೆಯಿಂದ ಮಾಡಿದರೆ ಬಹಳ ಬಾಗಿಲುಗಳು ಇಷ್ಟಕ್ಕೇ ಬರುತ್ತವೆ.

ಬಾರದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ತನ್ನಿ. ಡಬ್ಬಿಯ ಜೊತೆ ಬರುವ ತೆಳು ಕೊಳವೆಯನ್ನು ಲ್ಯಾಚಿನ ಎದುರಿನ ಸಂದಿಗೆ ತೂರಿಸಿ ಹೊಡೆಯಿರಿ, ರಬ್ಬರಿಗೆ ತಗುಲಿದ್ದನ್ನು ಕೂಡಲೇ ಒರೆಸಿ. ಎಣ್ಣೆ ಇಳಿಯಲು ಹೊತ್ತು ಬೇಕು. ಸಂಜೆ ಹೊಡೆದು ಬೆಳಗ್ಗೆ ಪ್ರಯತ್ನಿಸುವುದು ಒಳ್ಳೆಯದು. ಲ್ಯಾಚ್ ಎಲ್ಲಿದೆ ಎಂದು ತಿಳಿಯದಿದ್ದರೆ ಅದೇ ಮಾದರಿಯ ಬೇರೆ ಕಾರಿನ ಬಾಗಿಲು ತೆರೆದು ಎತ್ತರ ನೋಡಿಕೊಂಡು, ನಿಮ್ಮ ಕಾರಿನ ಮೇಲೆ ಪೇಪರ್ ಟೇಪಿನ ಗುರುತು ಹಾಕಿ.

ಹೊರಗಿನಿಂದ ಬರುತ್ತದೆ, ಒಳಗಿನಿಂದ ಬರುವುದಿಲ್ಲ ಎನ್ನುವ ಹಿಂದಿನ ಬಾಗಿಲಿನ ಮೇಲೆ ಸ್ಪ್ರೇ ವ್ಯರ್ಥ ಮಾಡಬೇಡಿ. ಬಾಗಿಲಂಚಿನಲ್ಲಿರುವ ಚೈಲ್ಡ್ ಲಾಕಿನ ಪುಟ್ಟ ಗುಂಡಿಯನ್ನು ನೋಡಿ. ಒಳಗಿನಿಂದ ಬಂದು ಹೊರಗಿನಿಂದ ಬಾರದಿದ್ದರೆ ಹೊರ ಹ್ಯಾಂಡಲಿನ ಸರಳು ಕಳಚಿದೆ. ಡೋರ್ ಪ್ಯಾಡ್ ಬಿಚ್ಚಿದರೆ ಕಾಣುತ್ತದೆ. ಎರಡೂ ಕಡೆಯಿಂದ ಬಾರದ ಬಾಗಿಲನ್ನು ಮುಚ್ಚಿದ ಸ್ಥಿತಿಯಲ್ಲೇ ಬಿಚ್ಚುವುದು ಟಿಂಕರಿಂಗ್ ಕೆಲಸದವರಿಗೂ ತ್ರಾಸದ ಕೆಲಸ. ಅದನ್ನು ಅವರಿಗೇ ಬಿಡಿ.

ಕೀ ತಿರುಗದಿದ್ದರೆ

ಕಾರಿನ ಲಾಕಿನೊಳಗೆ ಸಣ್ಣ ಸ್ಪ್ರಿಂಗುಗಳ ಮೇಲೆ ಕೂತ ತೆಳು ಲೋಹದ ಬಿಲ್ಲೆಗಳ ಸಾಲು ಇದೆ. ಸರಿಯಾದ ಕೀ ಹೊಕ್ಕಾಗ ಅವೆಲ್ಲ ಒಂದೇ ಮಟ್ಟಕ್ಕೆ ಬರುತ್ತವೆ, ಆಗ ಲಾಕ್ ತಿರುಗುತ್ತದೆ. ಧೂಳು ಕಟ್ಟಿ ಒಂದು ಬಿಲ್ಲೆ ಮೇಲೇಳದಿದ್ದರೂ ಕೀ ತಿರುಗುವುದಿಲ್ಲ. ಈಗಿನ ಕಾರುಗಳಲ್ಲಿ ಇದು ಹಳೆಯ ಕಾರುಗಳಿಗಿಂತ ಹೆಚ್ಚು, ಏಕೆಂದರೆ ರಿಮೋಟ್ ಬಂದಮೇಲೆ ಕೀಕಂಡಿಗೆ ಕೀ ಹಾಕಿದವರೇ ಇಲ್ಲ.

ಮೊದಲು ಟಾರ್ಚ್ ಹಿಡಿದು ಕೀಕಂಡಿಯೊಳಗೆ ನೋಡಿ. ಕಣಜದ ಹುಳುಗಳು ಇಂಥ ತೂತುಗಳಲ್ಲಿ ಮಣ್ಣು ಮೆತ್ತಿ ಗೂಡು ಕಟ್ಟುತ್ತವೆ. ಅದು ಗೊತ್ತಿಲ್ಲದೆ ಕೀ ನೂಕಿದರೆ ಮಣ್ಣು ಇನ್ನೂ ಒಳಕ್ಕೆ ಹೋಗಿ ಗಟ್ಟಿಯಾಗುತ್ತದೆ. ಸೂಜಿಯಿಂದ ಮೆಲ್ಲಗೆ ಕೆದಕಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು ತೆಗೆಯಿರಿ.

ಆಮೇಲೆ ಎಣ್ಣೆಯ ಪ್ರಶ್ನೆ. ನಮ್ಮ ಮನೆಗಳಲ್ಲಿ ಬೀಗ ಬಿಗಿಯಾದರೆ ಕೈ ಹೋಗುವುದು ಕೊಬ್ಬರಿ ಎಣ್ಣೆಯ ಶೀಶೆಗೆ. ಕಾರಿನ ಲಾಕಿಗೆ ಇದನ್ನು ಖಂಡಿತ ಹಾಕಬೇಡಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಷಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಬೆಂಗಳೂರಿನ ಡಿಸೆಂಬರ್ ಬೆಳಗು ಹದಿನೈದು ಹದಿನಾರು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಡುಗೆಯ ಉಳಿದ ಎಣ್ಣೆಗಳು ಕಾಲಕ್ರಮದಲ್ಲಿ ಗೋಂದಿನಂತಾಗಿ ಧೂಳನ್ನು ಹಿಡಿದಿಡುತ್ತವೆ. ಲಾಕಿಗೆ ಒಳ್ಳೆಯದು ಒಣ ಗ್ರ್ಯಾಫೈಟ್ ಪುಡಿ. ಅದು ಸಿಗದಿದ್ದರೆ 6ಬಿ ಪೆನ್ಸಿಲಿನ ಸೀಸವನ್ನು ಕೀಯ ಎರಡೂ ಮೈಗೆ, ಹಲ್ಲುಗಳಿಗೆ ಚೆನ್ನಾಗಿ ತಿಕ್ಕಿ ಒಳಗೆ ಹೊರಗೆ ಆಡಿಸಿ, ಸೀಸದಲ್ಲಿರುವುದೂ ಗ್ರ್ಯಾಫೈಟೇ. ತುಕ್ಕೇ ಹಿಡಿದಿದ್ದರೆ ಮಾತ್ರ ಸ್ಪ್ರೇ ಚೂರು ಹೊಡೆದು, ಅರ್ಧ ಗಂಟೆ ಬಿಟ್ಟು, ಕೀಯನ್ನು ಹಾಕಿ ತೆಗೆದು, ಪ್ರತಿ ಸಲ ಬಟ್ಟೆಯಲ್ಲಿ ಒರೆಸಿ. ಸ್ಪ್ರೇ ಹೊಡೆದ ಲಾಕಿಗೆ ಅದು ಒಣಗುವ ಮೊದಲು ಗ್ರ್ಯಾಫೈಟ್ ಹಾಕಬೇಡಿ. ಎರಡೂ ಸೇರಿದರೆ ಕಪ್ಪು ಕೆಸರಾಗುತ್ತದೆ.

ಕೀ ತಿರುಗಿಸಲು ಎರಡು ಬೆರಳಿನ ಬಲ ಸಾಕು. ಇಕ್ಕಳ ಹಿಡಿಯಬೇಡಿ. ಹಳೆಯ ಕೀ ಸವೆದಿರುತ್ತದೆ. ಅದೇ ಸವೆದ ಕೀಯಿಂದ ಮಾಡಿಸಿದ ಡೂಪ್ಲಿಕೇಟ್ ಇನ್ನೂ ಸವಕಲು. ಬೀರುವಿನಲ್ಲಿ, ಕಾರಿನ ಕಾಗದಪತ್ರದ ಕವರಿನಲ್ಲಿ ಕಂಪನಿ ಕೊಟ್ಟ ಎರಡನೆಯ ಕೀ ಇದೆಯೇ ಹುಡುಕಿ. ಬಳಸದೆ ಇಟ್ಟ ಆ ಕೀ ಒಂದೇ ಸಲಕ್ಕೆ ತಿರುಗುವುದುಂಟು. ಕೀಯನ್ನು ಲೈಟರಿನಿಂದ ಕಾಯಿಸಿ ಹಾಕುವ ಉಪಾಯವನ್ನು ಕೆಲವರು ಹೇಳುತ್ತಾರೆ. ಇಂದಿನ ಕೀಗಳ ತಲೆಯಲ್ಲಿ ಚಿಪ್ ಇರುತ್ತದೆ, ಅದು ಸುಟ್ಟರೆ ಬಾಗಿಲು ತೆರೆದರೂ ಇಂಜಿನ್ ಶುರುವಾಗುವುದಿಲ್ಲ.

ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರಿಗೆ ಒಂದು ಮಾತು. ಮುಂದಿನ ಬಾಗಿಲಿನ ತ್ರಿಕೋನದ ಪುಟ್ಟ ಗಾಜನ್ನು ಒತ್ತಿ ತೆಗೆಯುವ ಹಳೆಯ ಅಭ್ಯಾಸ ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತು. ಆದರೆ ಆ ಗಾಜಿನ ಚೌಕಟ್ಟಿಗೆ ಈಗ ಬದಲಿ ಸಿಗುವುದು ಕಷ್ಟ. ಅದನ್ನು ಕೊನೆಯ ದಾರಿಯಾಗಿ ಮಾತ್ರ ಇಟ್ಟುಕೊಳ್ಳಿ.

ಬ್ಯಾಟರಿ ಸತ್ತಿದ್ದರೆ

ರಿಮೋಟ್ ಒತ್ತಿದರೆ ಏನೂ ಆಗದಿದ್ದಾಗ ಮೊದಲು ರಿಮೋಟಿನ ಸೆಲ್ ಬದಲಿಸಿ. ಹೆಚ್ಚಿನವುಗಳಲ್ಲಿ ಇರುವುದು ಸಿಆರ್ 2032 ಎಂಬ ನಾಣ್ಯದಾಕಾರದ ಸೆಲ್. ಆಗಲೂ ಸದ್ದಿಲ್ಲದಿದ್ದರೆ ಕಾರಿನ ಬ್ಯಾಟರಿಯೇ ಇಳಿದಿದೆ. ನಿಂತ ಕಾರಿನಲ್ಲೂ ಅಲಾರಂ, ಗಡಿಯಾರಗಳು ಕರೆಂಟ್ ಹೀರುತ್ತಲೇ ಇರುತ್ತವೆ. ಬ್ಯಾಟರಿ ಹಳೆಯದಾಗಿದ್ದರೆ ಕೆಲವೇ ವಾರ ಸಾಕು. ಬಟನ್ ಸ್ಟಾರ್ಟ್ ಕಾರಿನ ರಿಮೋಟಿನೊಳಗೂ ಒಂದು ಲೋಹದ ಕೀ ಅಡಗಿರುತ್ತದೆ. ಡ್ರೈವರ್ ಬಾಗಿಲಿನ ಹ್ಯಾಂಡಲಿನ ಬಳಿ ಕೀಕಂಡಿ ಕಾಣದಿದ್ದರೆ ಅದು ಪುಟ್ಟ ಮುಚ್ಚಳದಡಿ ಇದೆ. ಕೈಪಿಡಿಯಲ್ಲಿ ಚಿತ್ರ ಇರುತ್ತದೆ. ಕೈಪಿಡಿ ಕಾರಿನೊಳಗೇ ಸಿಕ್ಕಿಕೊಂಡಿದ್ದರೆ ಕಂಪನಿಯ ಜಾಲತಾಣದಲ್ಲಿ ನೋಡಬಹುದು.

ಬಾನೆಟ್ಟಿನ ಲಿವರ್ ಕಾರಿನ ಒಳಗೇ ಇರುವುದರಿಂದ ಕೀಯೂ ತಿರುಗದ, ಬ್ಯಾಟರಿಯೂ ಸತ್ತ ಕಾರು ನಿಜವಾಗಿ ಸಿಕ್ಕಿಕೊಂಡಂತೆ. ಗಾಡಿಯ ಅಡಿಯಿಂದ ಸ್ಟಾರ್ಟರ್ ಮೋಟರಿನ ಬಳಿ ಕರೆಂಟ್ ಕೊಟ್ಟು ಲಾಕ್ ಎಬ್ಬಿಸುವ ಮೆಕ್ಯಾನಿಕ್‌ಗಳಿದ್ದಾರೆ. ಇದು ಕಾರಿನ ಕೆಳಗೆ ಮಲಗಿ ಮಾಡುವ ಅಪಾಯದ ಕೆಲಸ. ನೀವು ಮಾಡಬೇಡಿ. ಗಾಜಿನ ಸಂದಿಯಿಂದ ಸ್ಕೇಲು ಇಳಿಸುವುದನ್ನೂ ಮಾಡಬೇಡಿ. ಈಗಿನ ಬಾಗಿಲುಗಳೊಳಗೆ ಪವರ್ ವಿಂಡೋ ವೈರುಗಳು ಇವೆ, ಕೆಲವುಗಳಲ್ಲಿ ಏರ್‌ಬ್ಯಾಗಿನ ಸೆನ್ಸರ್ ಕೂಡ.

ಯಾರನ್ನು ಕರೆಯುವುದು

ಕೀ ಮಾಡುವವರು ಮಾರುಕಟ್ಟೆಯ ಸುತ್ತಮುತ್ತ, ದೊಡ್ಡ ರಸ್ತೆಗಳ ಫುಟ್‌ಪಾತಿನಲ್ಲಿ ಕೀಗೊಂಚಲಿನ ಹಲಗೆ ತೂಗುಹಾಕಿ ಕೂತಿರುತ್ತಾರೆ. ಒಳ್ಳೆಯ ಕೆಲಸಗಾರ ಕಾರಿನ ಆರ್‌ಸಿ ಮತ್ತು ನಿಮ್ಮ ಗುರುತಿನ ಚೀಟಿ ಕೇಳುತ್ತಾನೆ. ಕೇಳದವನಿಗೆ ನಿಮ್ಮ ಕಾರಿನ ಕೀ ಒಪ್ಪಿಸಬೇಡಿ. ಗಾಡಿ ತಂದೆಯ ಹೆಸರಿನಲ್ಲಿದ್ದರೆ ಅವರನ್ನು ಎದುರಿಗೆ ಕೂರಿಸಿಕೊಂಡೇ ಕೆಲಸ ಮಾಡಿಸಿ.

ಬಿಡಿಭಾಗ ಬೇಕಾದರೆ ಜೆ.ಸಿ. ರಸ್ತೆ. ಟೌನ್ ಹಾಲ್‌ನಿಂದ ಮಿನರ್ವಾ ಸರ್ಕಲ್ಲಿನ ಕಡೆಗೆ ಹೋಗುವ ಈ ರಸ್ತೆ ಹಳೆಯ ಬೆಂಗಳೂರಿನ ಕಾರಿನ ಬಿಡಿಭಾಗಗಳ ಸಂತೆ. ಚಾಮರಾಜಪೇಟೆಯವರಿಗೆ, ಬಸವನಗುಡಿಯವರಿಗೆ ಪಕ್ಕದಲ್ಲೇ ಇದೆ. ಮಲ್ಲೇಶ್ವರದವರು ಸಂಪಿಗೆ ರಸ್ತೆಯ ಮೆಟ್ರೊ ನಿಲ್ದಾಣದಿಂದ ಹಸಿರು ಮಾರ್ಗದಲ್ಲಿ ಕೆ.ಆರ್. ಮಾರ್ಕೆಟ್ಟಿಗೆ ಬಂದರೆ ಅಲ್ಲಿಂದ ದೂರವಿಲ್ಲ. ಮಾರುತಿ 800 ಮತ್ತು ಅಂಬಾಸಿಡರ್ ಎರಡರ ತಯಾರಿಕೆಯೂ ನಿಂತದ್ದು 2014ರಲ್ಲಿ. ಆದರೂ 800ರ ಹ್ಯಾಂಡಲ್, ಲ್ಯಾಚ್, ಬೀಡಿಂಗ್ ಈಗಲೂ ಸಿಗುತ್ತವೆ. ಹೋಗುವಾಗ ಹಳೆಯ ಭಾಗವನ್ನೇ ಬಿಚ್ಚಿ ಕೊಂಡೊಯ್ಯಿರಿ, ಕಾರು ಯಾವ ವರ್ಷದ್ದು, ಬಾಗಿಲು ಡ್ರೈವರ್ ಸೈಡಿನದೋ ಎಡಗಡೆಯದೋ ಬರೆದಿಟ್ಟುಕೊಳ್ಳಿ. ಒಂದು ಲಾಕ್ ಪೂರ್ತಿ ಹಾಳಾಗಿದ್ದರೆ ಇಗ್ನಿಷನ್, ಬಾಗಿಲು, ಡಿಕ್ಕಿ ಸೇರಿದ ಲಾಕ್ ಸೆಟ್ಟನ್ನೇ ಕೊಳ್ಳುವುದು ವಾಸಿ, ಒಂದೇ ಕೀಯಲ್ಲಿ ಎಲ್ಲವೂ ನಡೆಯುತ್ತದೆ.

ಬಾಗಿಲು ಬಂದ ಮೇಲೆ

ಕೂಡಲೇ ಮುಚ್ಚಬೇಡಿ. ಲ್ಯಾಚನ್ನು ಸ್ಕ್ರೂಡ್ರೈವರಿನಿಂದ ಕೈಯಾರೆ ಒಮ್ಮೆ ಮುಚ್ಚಿ, ಹ್ಯಾಂಡಲ್ ಎತ್ತಿ ಬಿಡಿಸಿ ನೋಡಿ. ಬಾಗಿಲು ತೆರೆದಿರುವಾಗಲೇ ಐದಾರು ಸಲ ಇದು ಸರಾಗವಾಗಿ ನಡೆಯಬೇಕು. ಹಳೆಯ ಗ್ರೀಸನ್ನು ತೊಳೆದು ಹೊಸ ಬಿಳಿ ಗ್ರೀಸ್ ಹಚ್ಚಿ, ಹಿಂಜುಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಡಿ.

ಬಾಗಿಲಿನ ಕೆಳ ಅಂಚಿನಲ್ಲಿ ನೀರು ಇಳಿಯುವ ಸಣ್ಣ ತೂತುಗಳಿವೆ. ಎಲೆಪುಡಿ, ಮಣ್ಣು ತುಂಬಿ ಅವು ಮುಚ್ಚಿದ್ದರೆ ಮಳೆನೀರು ಬಾಗಿಲೊಳಗೇ ನಿಂತು ತಗಡನ್ನು ಒಳಗಿನಿಂದ ತಿನ್ನುತ್ತದೆ. ಬೆಂಗಳೂರಿಗೆ ಸಮುದ್ರದ ಉಪ್ಪುಗಾಳಿಯಿಲ್ಲ, ಆದರೂ ಮರದಡಿಯ ಕಾರುಗಳ ಬಾಗಿಲು ಕೆಳಗಿನಿಂದ ಉದುರುವುದಕ್ಕೆ ಇದೊಂದು ದೊಡ್ಡ ಕಾರಣ. ತೆಳು ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ. ಬ್ಯಾಟರಿ ಜೋಡಿಸುವ ಮೊದಲು ಬಾನೆಟ್ ಎತ್ತಿ ಇಲಿಗೂಡು, ಕಡಿದ ವೈರು, ಮಲಗಿದ ಬೆಕ್ಕು ಇಲ್ಲವೆಂದು ನೋಡಿ. ಟೈರು, ಬ್ರೇಕು, ಹಳೆಯ ಪೆಟ್ರೋಲಿನ ವಿಷಯವನ್ನು ಮೆಕ್ಯಾನಿಕ್ ನೋಡಿ ಒಪ್ಪಿದ ಮೇಲಷ್ಟೇ ಕಾರು ರಸ್ತೆಗಿಳಿಯಲಿ.

ಇನ್ನೊಂದು ವಿಷಯವನ್ನು ಬಹಳ ಕಾಳಜಿಯಿಂದ ಹೇಳುತ್ತಿದ್ದೇನೆ. ಹೊರಗಿನಿಂದ ತೆರೆದು ಒಳಗಿನಿಂದ ತೆರೆಯದ ಬಾಗಿಲು ಮಕ್ಕಳಿಗೆ ಪ್ರಾಣಾಪಾಯ. ಬೀದಿಯಲ್ಲಿ ನಿಂತ ಕಾರಿನೊಳಗೆ ಆಟವಾಡಲು ಹೋಗಿ ಸಿಕ್ಕಿಬಿದ್ದು ಮಕ್ಕಳು ತೀರಿಕೊಂಡ ಘಟನೆಗಳು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಆಗಿವೆ. ಬಿಸಿಲಲ್ಲಿ ಮುಚ್ಚಿದ ಕಾರಿನ ಒಳಗಿನ ಶಾಖ ಬಹುಬೇಗ ಏರುತ್ತದೆ. ಲಾಕ್ ಕೆಟ್ಟಿದೆಯೆಂದು ಕಾರನ್ನು ಹಾಗೇ ತೆರೆದಿಡಬೇಡಿ. ದುರಸ್ತಿ ಆಗುವವರೆಗೆ ಅದು ಗೇಟಿನ ಒಳಗಿರಲಿ, ಡಿಕ್ಕಿಗೂ ಬೀಗ ಬಿದ್ದಿರಲಿ.

ಊರು ಬಿಡುವ ಮೊದಲು

ನಾಲ್ಕಾರು ತಿಂಗಳು ಕಾರು ನಿಲ್ಲುತ್ತದೆಂದು ಗೊತ್ತಿದ್ದರೆ ರಬ್ಬರಿಗೆ ಸಿಲಿಕೋನ್, ಲಾಕಿಗೆ ಗ್ರ್ಯಾಫೈಟ್, ಲ್ಯಾಚಿಗೆ ಗ್ರೀಸ್ ಹಚ್ಚಿ ಹೊರಡಿ. ಬ್ಯಾಟರಿಯ ಮೈನಸ್ ತಂತಿ ಬಿಚ್ಚುವ ಮೊದಲು ಡ್ರೈವರ್ ಬಾಗಿಲು ಬರೀ ಕೀಯಿಂದ ತೆರೆಯುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ. ಬ್ಯಾಟರಿ ಡಿಕ್ಕಿಯಲ್ಲಿದ್ದು, ಡಿಕ್ಕಿ ತೆರೆಯುವುದು ಕರೆಂಟಿನಿಂದಲೇ ಆಗಿದ್ದರೆ ತಂತಿ ಬಿಚ್ಚಿ ಡಿಕ್ಕಿ ಮುಚ್ಚಬೇಡಿ. ಒಂದು ಕೀಯನ್ನು ನಂಬಿಕೆಯ ನೆರೆಯವರ ಬಳಿ ಕೊಟ್ಟು, ಹದಿನೈದು ದಿನಕ್ಕೊಮ್ಮೆ ಕೀಕಂಡಿ ಇರುವ ಬಾಗಿಲನ್ನು ಕೀಯಿಂದಲೇ ತೆರೆದು, ಉಳಿದ ಬಾಗಿಲು ಮತ್ತು ಡಿಕ್ಕಿಯನ್ನೂ ತೆರೆದು ಮುಚ್ಚಲು ಕೇಳಿಕೊಳ್ಳಿ. ಪ್ಲಾಸ್ಟಿಕ್ ಹೊದಿಕೆ ಬೇಡ, ಅದರಡಿ ತೇವ ಆರುವುದೇ ಇಲ್ಲ. ಗಾಳಿಯಾಡುವ ಬಟ್ಟೆಯ ಹೊದಿಕೆ ಸಾಕು.

ಕಾರು ಬೀದಿಯಲ್ಲೇ ನಿಲ್ಲುವುದಾದರೆ ಕಾನೂನನ್ನೂ ತಿಳಿದಿರಿ. ಮೋಟಾರು ವಾಹನ ಕಾಯ್ದೆ 1988ರ 127ನೇ ಸೆಕ್ಷನ್ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಯಾರೂ ಗಮನಿಸದೆ ಬಿಟ್ಟ ವಾಹನವನ್ನು ಪೊಲೀಸರು ಎಳೆದೊಯ್ಯಿಸಬಹುದು. ಹಾಗಾಗಿ ಊರು ಬಿಡುವವರು ಕಾರನ್ನು ಗೇಟಿನೊಳಗೆ ಜಾಗವಿರುವ ನಂಟರ ಮನೆಗೆ ಸಾಗಿಸಿ. ಇನ್ನು ಓಡಿಸುವುದೇ ಇಲ್ಲವೆಂದು ತೀರ್ಮಾನಿಸಿದವರು ಬಾಗಿಲುಗಳು ತೆರೆಯುವ ಸ್ಥಿತಿಯಲ್ಲಿ ಇರುವಾಗಲೇ ಅದನ್ನು ಮಾರಿಬಿಡಿ.